ನೋಡ್ಕೋ ಎಂದದ್ದಕ್ಕೆ

ಮಾವ,

ಕಂಬಂನ ಟಾಕೀಸಿನಲ್ಲಿ ನೀವು ಆಪರೇಟರ್ ಆಗಿದ್ದಾಗ, ಕಾಲೇಜಿನಲ್ಲಿದ್ದ ನನಗೆ ಪ್ರೊಜೆಕ್ಟರಿನ ಪಕ್ಕದ ಗೋಡೆಯ ತೂತಿನಿಂದ ಒಂದು ಹಳೆಯ ಇಂಗ್ಲಿಷ್ ಚಿತ್ರ ತೋರಿಸಿದಿರಿ. ಕಾಲು ಮುರಿದುಕೊಂಡವನೊಬ್ಬ ಕಿಟಕಿಯಲ್ಲಿ ಕೂತು ಎದುರು ಮನೆಗಳನ್ನು ನೋಡುತ್ತಾನೆ. ಒಂದು ಮನೆಯ ಹೆಂಡತಿ ಕಾಣದಾಗುತ್ತಾಳೆ. "ಕೊಲೆ ಬುಡುಡಾ," ಅಂದಿರಿ. "ಕೊಲೆಗಾರ ತಲೆ ಎತ್ತಿ ಇವನ್ನ ನೋಡ್ತಾನಲ್ಲ, ಅದ ನೋಡು. ಅಲ್ಲೀತನಕ ನಾವು ಪುಕ್ಕಟೆ ನೋಡ್ತಿದ್ದೋ. ಈಗ ಟಿಕೆಟ್ ಕೇಳ್ತಾನೆ."

ಹೋದ ವಾರ ಫೋನಿನಲ್ಲಿ ಮತ್ತೆ ನೋಡಿದೆ. ಕ್ಯಾಮೆರಾ ಆ ಕೋಣೆ ಬಿಟ್ಟು ಕದಲುವುದೇ ಅಪರೂಪ. ನೋಡುವವನಿಗೆ ಏನೂ ಆಗುವುದಿಲ್ಲ ಎಂಬ ನಮ್ಮ ಧೈರ್ಯವನ್ನು ಅದು ಮೆಲ್ಲಗೆ ಕಳಚುತ್ತದೆ. ಇದನ್ನು ನಿಮಗೆ ಆಗಲೇ ಹೇಳಬಹುದಿತ್ತು, ಆದರೆ...

ನಿಮ್ಮ ಮಗಳು ಮಲ್ಲಿಕಾ ಮದುವೆಯಾಗಿ ವೇದಸಂದೂರಿಗೆ ಹೊರಟ ದಿನ ನೆನಪಿದೆಯೇ? "ಬಾವ, ಎದುರು ಮನೇಲೇ ಇದ್ದೀಯ. ಅಪ್ಪನ್ನ ನೋಡ್ಕೋ," ಅಂದಳು. "ನೋಡೋದು ಬುಟ್ಟು ಇವನಿಗೆ ಬ್ಯಾರೆ ಏನು ಬತ್ತದೆ," ಎಂದು ನೀವು ನಕ್ಕಿರಿ. ನಮ್ಮ ಮನೆಮಾತು ಕನ್ನಡದಲ್ಲಿ 'ನೋಡ್ಕೋ' ಎಂಬುದಕ್ಕೆ ಎರಡರ್ಥ: ಕಣ್ಣಿಡು, ಕಾಪಾಡು. ನಮ್ಮ ಬೀದಿಯ ತಮಿಳಿನ 'ಪಾತ್ತುಕ್ಕೋ' ಕೂಡ ಹಾಗೆಯೇ. ನಾನು ಸುಲಭದ್ದನ್ನು ಆರಿಸಿಕೊಂಡೆ. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ಕೈ ಎತ್ತುತ್ತಿದ್ದೆ. ಎದುರು ಕಿಟಕಿಯ ಕುರ್ಚಿಯಿಂದ ನೀವೂ ಎತ್ತುತ್ತಿದ್ದಿರಿ.

ಆ ಗುರುವಾರ ನೀವು ಎತ್ತಲಿಲ್ಲ. ತೂಕಡಿಸುತ್ತಿದ್ದೀರಿ ಅಂದುಕೊಂಡೆ. ನಡುವೆ ಇದ್ದದ್ದು ಹನ್ನೆರಡು ಹೆಜ್ಜೆಯ ಬೀದಿ. ಶುಕ್ರವಾರ ಮೊಸರಿನವಳು ಬಾಗಿಲು ತಳ್ಳಿ, ಕುರ್ಚಿಯಲ್ಲಿದ್ದ ನಿಮ್ಮನ್ನು ಮುಟ್ಟಿ ನೋಡಿ ಕೂಗಿಕೊಂಡಳು. ಸಂಜೆಗೆ ಮಲ್ಲಿಕಾ ಬಂದಳು.

"ಕೊನೇಲಿ ಅಪ್ಪನ್ನ ಯಾವಾಗ ನೋಡ್ದೆ ಬಾವ?"

"ಗುರುವಾರ. ಕೈ ಎತ್ತಿದರು."

ಯಾಕೆ ಹಾಗಂದೆ? ಜೀವ ಹೋದದ್ದು ಬುಧವಾರವೇ ಎಂದು ಡಾಕ್ಟರು ಅವಳಿಗೆ ಮೊದಲೇ ಹೇಳಿದ್ದರು. ಮಲ್ಲಿಕಾ ತಲೆ ಎತ್ತಿ ನನ್ನನ್ನು ನೋಡಿದಳು. ಟಿಕೆಟ್ ಕೇಳಿದ ಹಾಗಿತ್ತು, ಮಾವ.

ಕಾರ್ಯ ಮುಗಿಸಿ ಹೋಗುವಾಗ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, "ಮನೆ ನೋಡ್ಕೋ," ಅಂದಳು. ಅಷ್ಟೇ.

ಇವತ್ತು ಬೆಳಗ್ಗೆ ಬೀದಿ ದಾಟಿ ನಿಮ್ಮ ಕುರ್ಚಿಯಲ್ಲಿ ಕೂತೆ. ನನ್ನ ಕಿಟಕಿಯ ಗಾಜಿನ ಮೇಲೆ ಬಿಸಿಲು ಬಿದ್ದು ಬರೀ ಬಿಳುಪು. ಆ ಹೊತ್ತಿನಲ್ಲಿ ನಿಮ್ಮ ಕುರ್ಚಿಯಿಂದ ನಾನು ಕಾಣುವುದೇ ಇಲ್ಲ. ಹಾಗಾದರೆ ಇಷ್ಟು ವರ್ಷ ನೀವು ಕೈ ಎತ್ತುತ್ತಿದ್ದದ್ದು ಯಾರಿಗೆ? ನಾನು ಅಲ್ಲಿದ್ದೇನೆ ಎಂಬ ನಂಬಿಕೆಗೋ?

ಕೆಳಗೆ ನೋಡಿದರೆ ನನ್ನ ಕೈ ತೊಡೆಯ ಮೇಲಿರಲಿಲ್ಲ. ಅದು ಆಗಲೇ ಮೇಲೆದ್ದಿತ್ತು.

ಮಧ್ಯಾಹ್ನ ದಿಂಡಿಗಲ್ ಬಸ್ಸು ಹತ್ತುತ್ತೇನೆ, ಅಲ್ಲಿಂದ ವೇದಸಂದೂರು. ಗುರುವಾರ ನೀವು ಕೈ ಎತ್ತಲಿಲ್ಲ, ನಾನು ಬೀದಿ ದಾಟಲಿಲ್ಲ ಎಂದು ಹೇಳಿ, ಅವಳೆದುರು ಕೂರುತ್ತೇನೆ. ಅವಳು ನನ್ನನ್ನು ನೋಡಲಿ.