ಎದ್ದ ಅಂಚು

ಜುಲೈ 9, ಬುಧವಾರ. ಕಂಪನಿ ಬಸ್ಸಿನಲ್ಲಿ

ಮತ್ತೆ ಅದೇ ಕಿಟಕಿ ಸೀಟು. ಕಾಲು ಕುಣಿಸುವುದು ನಿಲ್ಲುತ್ತಿಲ್ಲ. ಪಕ್ಕದವನು ಎರಡು ಸಲ ತಿರುಗಿ ನೋಡಿದ. ನೋಡಲಿ.

ನಿನ್ನೆಯೂ ಮೆಷಿನ್ ಅರ್ಧ ಶಿಫ್ಟ್ ಸುಮ್ಮನೆ ನಿಂತಿತ್ತು. ಕೆಟ್ಟು ನಿಂತದ್ದಲ್ಲ, ಕಾದು ನಿಂತದ್ದು. ವಿಮಾನದ ರೆಕ್ಕೆಯ ಮೇಲ್ಹೊದಿಕೆ ಮಾಡುವ ಮೆಷಿನ್ ಅದು. ನಮ್ಮ ಮನೆಗಿಂತ ಉದ್ದದ ಅಚ್ಚಿನ ಮೇಲೆ ಕಾರ್ಬನ್ ಟೇಪನ್ನು ಪಟ್ಟಿ ಪಟ್ಟಿಯಾಗಿ ಅಂಟಿಸುತ್ತಾ ಹೋಗುತ್ತದೆ, ಪದರದ ಮೇಲೆ ಪದರ. ಅಂಟಿಸುವಾಗ ನೋಡಬೇಕು, ಕಣ್ಣು ತುಂಬುತ್ತದೆ. ಆದರೆ ಒಂದು ಪದರ ಮುಗಿಯಿತೋ, ನಿಂತಿತು. ಇನ್‌ಸ್ಪೆಕ್ಷನ್ ಹೆಂಗಸರು ಟಾರ್ಚ್ ಹಿಡಿದು ಇಂಚಿಂಚೂ ನೋಡಬೇಕು — ಎಲ್ಲಿ ಟೇಪು ತಿರುಚಿದೆ, ಎಲ್ಲಿ ಅಂಚು ಎದ್ದಿದೆ, ಎಲ್ಲಿ ನಾರಿನ ಜುಂಗು ಬಿದ್ದಿದೆ. ಟ್ಯಾಬ್‌ನಲ್ಲಿ ಓಕೆ ಅಥವಾ ತಪ್ಪು ಅಂತ ಹೊಡೆಯಬೇಕು. ಆಮೇಲೆ ಮುಂದಿನ ಪದರ. ಅಂಟಿಸುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಹೊತ್ತು. ಅಷ್ಟು ದೊಡ್ಡ ಮೆಷಿನ್ ಕೈಕಟ್ಟಿ ನಿಂತದ್ದನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಅದಕ್ಕೇ ನನ್ನ ಕ್ಯಾಮೆರಾ. ನನ್ನದು ಅಂತಲೇ ಬರೆಯುತ್ತೇನೆ, ಇಲ್ಲಿ ಯಾರು ಕೇಳುತ್ತಾರೆ. ಮೆಷಿನ್ನಿನ ತಲೆಗೇ ಕಟ್ಟಿದೆ. ಅಂಟಿಸುತ್ತಲೇ ನೋಡಿಕೊಂಡು ಹೋಗುತ್ತದೆ, ತಪ್ಪು ಕಂಡರೆ ಮಾತ್ರ ನಿಲ್ಲಿಸುತ್ತದೆ. ಯುಗಾದಿಯಿಂದ ಅದಕ್ಕೆ ಪಾಠ ಹೇಳುತ್ತಿದ್ದೇನೆ. ಅಂಟಿಸಿದ ಕೂಡಲೇ ತೆಗೆದ ಫೋಟೋ ಒಂದು ಕಡೆ, ಅದೇ ಜಾಗಕ್ಕೆ ಹೆಂಗಸರು ಟ್ಯಾಬ್‌ನಲ್ಲಿ ಹೊಡೆದದ್ದು ಇನ್ನೊಂದು ಕಡೆ. ಇದು ಓಕೆ. ಇದು ತಪ್ಪು. ನೋಡಿ ಕಲಿ ಮಗಾ.

ಕಲಿತಿದೆ ಅನ್ನಿಸುತ್ತದೆ. ಅನ್ನಿಸಿದರೆ ಸಾಲದು. ಬಾಶೆಟ್ಟಿಹಳ್ಳಿ ಗೇಟು ಬಂತು.

ಜುಲೈ 11, ಶುಕ್ರವಾರ. ಊಟದ ಹೊತ್ತು

ಅನಿಲ್‌ಕುಮಾರ್ ಕರೆದರು. ನಮ್ಮ ಪ್ಲಾಂಟ್ ಮ್ಯಾನೇಜರ್. ಕೂರಿಸಿ ಹೇಳಿದರೆ ಏನೋ ದೊಡ್ಡದೇ.

"ಟ್ರಯಲ್ ಪ್ಯಾನೆಲ್ ಒಂದು ಮಾಡೋಣ. ಯಾರೂ ಒಳಗೆ ಹೋಗ್ಬಾರ್ದು. ನಿನ್ ಕ್ಯಾಮೆರಾನೇ ನೋಡ್ಲಿ. ಸರಿಯಾಗಿ ಬಂದ್ರೆ ಎರಡ್ನೇ ಮೆಷಿನ್ ನಮಗೆ. ಇಲ್ಲಾಂದ್ರೆ ಬೇರೆ ರಾಜ್ಯದ ಪ್ಲಾಂಟ್‌ಗೆ ಕೊಟ್ಬಿಡ್ತಾರಂತೆ, ಕಸ್ಟಮರ್ ಹೇಳಾಯ್ತು."

"ನಮಗೆ ಬಂದ್ರೆ ಸಾರ್?"

"ಬಂದ್ರೆ ನೀನೇ ಲೀಡು. ಇನ್ಯಾರಿದಾರೆ?"

ಲೀಡು. ಡಿಪ್ಲೊಮಾ ಚೈತ್ರ. ಹೊರಗೆ ಬಂದು ನೀರು ಕುಡಿದೆ. ಮತ್ತೆ ಕುಡಿದೆ. ಕ್ಯಾಂಟೀನಿನಲ್ಲಿ ಕೂರಲಾಗಲಿಲ್ಲ, ತಟ್ಟೆ ಹಿಡಿದು ನಿಂತೇ ತಿಂದೆ.

ಮಮತಳಿಗೆ ಹೇಳಿದೆ. ಅವಳು ಇನ್‌ಸ್ಪೆಕ್ಷನ್‌ನವಳು. ದೊಡ್ಡಬಳ್ಳಾಪುರದಲ್ಲಿ ನಮ್ಮದೂ ಅವಳದೂ ಒಂದೇ ಬೀದಿ, ಹಿಂದೆ ಮುಂದೆ ಎಲ್ಲ ಮಗ್ಗದ ಮನೆಗಳು. ಮದುವೆಯಾಗಿ ರಾಜಘಟ್ಟಕ್ಕೆ ಹೋದಳು, ಅಲ್ಲಿಂದ ಸ್ಕೂಟಿಯಲ್ಲಿ ಬರುತ್ತಾಳೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಮೆಷಿನ್ನೇ ನೋಡ್ಕೊಂಡ್ರೆ ನಾವೇನ್ ಮಾಡೋದೇ? ಅದ್ರ ಮುಖ ನೋಡ್ತಾ ಕೂತಿರೋದಾ?"

"ಎರಡ್ನೇದು ಬಂದ್ರೆ ಎಲ್ರಿಗೂ ಕೆಲ್ಸ ಇರುತ್ತೆ ಕಣೇ."

"ಇರುತ್ತೆ ಬಿಡು, ನೀನ್ ಹೇಳಿದ್ಮೇಲೆ," ಅಂದಳು. ಉಪ್ಪಿನಕಾಯಿ ಅರ್ಧ ನನ್ನ ತಟ್ಟೆಗೆ ಹಾಕಿದಳು. ಅಷ್ಟೇ.

ಜುಲೈ 17, ಗುರುವಾರ. ಬಸ್ಸು

ಟ್ರಯಲ್ ಮುಗಿಯಿತು. ಮೂರು ದಿನ ಓಡಿತು. ಟೇಪು ರೋಲ್ ಬದಲಿಸಲು ಬಿಟ್ಟರೆ ನಿಲ್ಲಲೇ ಇಲ್ಲ. ಮಾಮೂಲಿಯಾಗಿ ಹಿಡಿಯುವ ಸಮಯದ ಅರ್ಧವೂ ಇಲ್ಲ. ಕೊನೆಯ ಪಟ್ಟಿ ಅಂಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅನಿಲ್‌ಕುಮಾರ್ ಮೈಸೂರ್‌ಪಾಕ್ ತರಿಸಿದರು. ಕಸ್ಟಮರ್ ಕಡೆಯಿಂದಲೂ ಫೋನು ಬಂತಂತೆ, ಗುಡ್ ಅಂದರಂತೆ.

ನಾನೂ ತಿಂದೆ. ಅರ್ಧ ತಿಂದು ಕಾಗದದಲ್ಲಿ ಸುತ್ತಿ ಇಟ್ಟುಬಿಟ್ಟೆ.

ಯಾಕೆ ಅಂತ ಈಗ ಹೊಳೆಯಿತು. ಕ್ಯಾಮೆರಾ ಒಂದು ಸಲವೂ ತಪ್ಪು ಅಂತ ಮೆಷಿನ್ ನಿಲ್ಲಿಸಲಿಲ್ಲ. ಒಂದೇ ಒಂದು ಸಲವೂ ಇಲ್ಲ. ಅಷ್ಟು ದೊಡ್ಡ ಪ್ಯಾನೆಲ್‌ನಲ್ಲಿ ಒಂದು ಟೇಪೂ ತಿರುಚಲಿಲ್ಲವೇ? ಹಳೆಯ ಟ್ಯಾಬ್ ರೆಕಾರ್ಡ್ ನೋಡಿದರೆ ಅದರಲ್ಲೂ ತಪ್ಪುಗಳು ಅಪರೂಪ. ಹಾಗಾದರೆ ಸರಿಯೇ ಇರಬೇಕು. ಮೆಷಿನ್ ಅಷ್ಟು ಚೆನ್ನಾಗಿದೆ. ಇರಬೇಕು…

ಮೂರೂ ದಿನ ಮಮತ ಕ್ಲೀನ್‌ರೂಮಿನ ಗಾಜಿನ ಹೊರಗೆ ನಿಂತಿದ್ದಳು. ಸುಮ್ಮನೆ ಅಲ್ಲ. ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಾ. "ಒಂದ್ ಸಲ ಒಳಗ್ ಬಿಡೇ, ನೋಡ್ಕೊಂಡು ಬಂದ್ಬಿಡ್ತೀನಿ," ಅಂದಳು. ಬಿಡಲಿಲ್ಲ. ಟ್ರಯಲ್ ಅಂದರೆ ಟ್ರಯಲ್.

ಜುಲೈ 20, ಭಾನುವಾರ. ಮಧ್ಯಾಹ್ನ

ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಹಿಂದುಗಡೆ ಮಗ್ಗದ ಶೆಡ್ಡಿಗೆ ಹೋದೆ. ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಇದೆ, ಅಮ್ಮನಿಗೆ ಭಾನುವಾರವೂ ಇಲ್ಲ ಸೋಮವಾರವೂ ಇಲ್ಲ. ಅಂಜಿನಮ್ಮ ಅಂದರೆ ಬೀದಿಯಲ್ಲೇ ಹೆಸರು — ಸೀರೆಯಲ್ಲಿ ಒಂದು ಎಳೆ ಬಿಟ್ಟವಳಲ್ಲ.

ಎರಡು ಪವರ್‌ಲೂಮಿನ ನಡುವೆ ಸ್ಟೂಲು ಹಾಕಿಕೊಂಡಿದ್ದಳು. ಪಕ್ಕದಲ್ಲಿ ನಿಂತೆ. ಆ ಸದ್ದಿನಲ್ಲಿ ನನ್ನ ತಲೆಯ ಸದ್ದು ಕೇಳುವುದಿಲ್ಲ, ಅದೊಂದು ಸುಖ. ಹಾಸಿನಲ್ಲಿ ಒಂದು ಎಳೆ ಕಡಿಯಿತು. ಅಮ್ಮ ಮಗ್ಗ ನಿಲ್ಲಿಸಿದ್ದೂ ಗೊತ್ತಾಗಲಿಲ್ಲ, ಕಟ್ಟಿದ್ದೂ ಗೊತ್ತಾಗಲಿಲ್ಲ, ಮತ್ತೆ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು. ಮಾತಿಗೆ ಕೇಳಿದೆ.

"ಬೆಳಗ್ಗಿಂದ ಎಷ್ಟ್ ಎಳೆ ಕಡೀತಮ್ಮ?"

"ಇವತ್ತಾ? ಒಂದೂ ಇಲ್ಲ. ಒಳ್ಳೆ ಹಾಸು ಬಂದೈತೆ ಕಣೇ."

"ಈಗ್ ಕಟ್ಟಿದ್ಯಲ್ಲ. ನನ್ ಕಣ್ಮುಂದೇನೆ."

"ಅದಾ? ಅದು ಕಟ್ಟಾಯ್ತಲ್ಲ. ಸೀರೇಲಿ ಕಾಣುತ್ತಾ ಹೇಳು. ಕಾಣ್ದೇ ಇರೋದನ್ನ ಯಾರಾದ್ರೂ ಲೆಕ್ಕ ಹಾಕ್ತಾರಾ?"

ನಕ್ಕೆ. ಅರ್ಧ ನಕ್ಕು ನಿಂತೆ.

ಅಮ್ಮ ಸುಳ್ಳು ಹೇಳಲಿಲ್ಲ. ಕಟ್ಟಿದ ಎಳೆ ಅವಳಿಗೆ ಕಡಿದ ಎಳೆಯೇ ಅಲ್ಲ. ನನಗೂ ಅಲ್ಲ, ನಾನೂ ಇದೇ ಶೆಡ್ಡಿನಲ್ಲಿ ಬೆಳೆದವಳು. ಮಮತ ಕೂಡ ಅಷ್ಟೇ. ಇನ್‌ಸ್ಪೆಕ್ಷನ್‌ಗೆ ಸೇರಿದವರೆಲ್ಲ ಮಗ್ಗದ ಮನೆಯವರೇ. ಕಣ್ಣು ಚುರುಕು ಅಂತ ನಾನೇ ಹೇಳಿ ಸೇರಿಸಿಕೊಂಡದ್ದು.

ಅದೇ ದಿನ, ಸಂಜೆ

ಲ್ಯಾಪ್‌ಟಾಪ್ ತೆಗೆದೆ. ತಪ್ಪು ಅಂತ ಹೊಡೆದ ಫೋಟೋಗಳನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಓಕೆ ಅಂತ ಹೊಡೆದದ್ದನ್ನು ಯಾವತ್ತೂ ಬಿಚ್ಚಿ ನೋಡಿರಲಿಲ್ಲ. ಓಕೆ ಅಂದಮೇಲೆ ಯಾರು ನೋಡುತ್ತಾರೆ.

ಟೇಪು ತಿರುಚಿದೆ. ಓಕೆ. ಅಂಚು ಎದ್ದಿದೆ, ಎದ್ದು ಕಾಣುತ್ತಿದೆ. ಓಕೆ. ಜುಂಗು, ಹುಣಸೆಬೀಜದಷ್ಟು. ಓಕೆ. ಓಕೆ. ಓಕೆ.

ಫೋಟೋ ಬೀಳುವುದು ಟೇಪು ಅಂಟಿದ ತಕ್ಷಣ. ಹೆಂಗಸರು ಬರುವುದು ಆಮೇಲೆ. ಬಂದರು, ಕಂಡರು, ಬೆರಳಲ್ಲಿ ಒತ್ತಿ ಸರಿಮಾಡಿದರು, ಸರಿಯಾಯಿತಲ್ಲ ಅಂತ ಓಕೆ ಹೊಡೆದರು. ನನ್ನ ಕ್ಯಾಮೆರಾ ನೋಡಿದ್ದು ತಿರುಚಿದ ಟೇಪನ್ನು. ಕೇಳಿದ್ದು ಓಕೆ ಅನ್ನುವ ಮಾತನ್ನು. ತಿರುಚಿದ್ದೇ ಸರಿ ಅಂತ ಕಲಿತುಬಿಟ್ಟಿದೆ. ನಾನೇ ಕಲಿಸಿದ್ದೇನೆ.

ಟ್ರಯಲ್ ಪ್ಯಾನೆಲ್ ನಾಡಿದ್ದು ಓವನ್‌ಗೆ ಹೋಗುತ್ತದೆ. ಬೆಂದ ಮೇಲೆ ಕಲ್ಲು. ಪದರ ಬಿಡಿಸುವ ಹಾಗಿಲ್ಲ.

ಜುಲೈ 21, ಸೋಮವಾರ. ಟೀ ಹೊತ್ತು

ಮಮತಳನ್ನು ಸ್ಕೂಟಿ ಸ್ಟ್ಯಾಂಡಿನಲ್ಲೇ ಹಿಡಿದೆ. ಹೆಲ್ಮೆಟ್ ತೆಗೆಯಲೂ ಬಿಡಲಿಲ್ಲ.

"ಟೇಪ್ ಎದ್ದಿರೋದು ಕಂಡ್ರೆ ಏನ್ ಮಾಡ್ತೀಯ?"

"ಒತ್ತೀನಿ. ಇನ್ನೇನ್ ಮಾಡ್ಲಿ, ಪೂಜೆ ಮಾಡ್ಲಾ?"

"ಟ್ಯಾಬಲ್ಲಿ ಹೊಡೀಬೇಕು ಅಂತ ಟ್ರೈನಿಂಗಲ್ಲಿ ಹೇಳಿದ್ನಲ್ಲ."

"ಸರಿ ಹೋಗ್ದಿದ್ರೆ ಹೊಡೀತೀನಿ. ಸರಿ ಹೋದ್ಮೇಲೆ ಏನಂತ ಹೊಡೀಲೇ? ಇಲ್ದಿರೋ ತಪ್ಪು ಬರೀಲಾ?" ನನ್ನ ಮುಖ ನೋಡಿ ದನಿ ಇಳಿಸಿದಳು. "ಕಣ್ಣಿಗ್ ಬಿದ್ಮೇಲೆ ಕೈ ಸುಮ್ನಿರುತ್ತಾ ಚೈತ್ರ?"

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. "ನಿಮ್ ಕೈಯಿಂದ ನನ್ ನಾಲ್ಕ್ ತಿಂಗಳ ಕೆಲ್ಸ ಮಣ್ಣಾಯ್ತು," ಅಂದೆ. ಪಾರ್ಕಿಂಗ್‌ನಲ್ಲಿದ್ದವರೆಲ್ಲ ತಿರುಗಿದರು. ಅವಳು ಹೆಲ್ಮೆಟ್ ಹಾಕಿಕೊಂಡೇ ಒಳಗೆ ಹೋದಳು.

ಆಮೇಲೆ ಅನಿಲ್‌ಕುಮಾರ್ ಹತ್ತಿರ. ಎಲ್ಲ ಹೇಳಿದೆ. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಬೇಯ್ಲಿ ಬಿಡು. ಬೆಂದ್ಮೇಲೆ ಸ್ಕ್ಯಾನ್ ಮಾಡ್ತೀವಲ್ಲ. ದೊಡ್ ತಪ್ಪಿದ್ರೆ ಅಲ್ಲಿ ಸಿಗುತ್ತೆ. ಸಿಗ್ಲಿಲ್ಲ ಅಂದ್ರೆ ಸಣ್ದು ಅಂತ ತಾನೇ? ಟ್ರಯಲ್ ಪೀಸು ತಾಯಿ, ಇದೇನ್ ಹಾರಲ್ಲ."

"ಇದು ಹಾರಲ್ಲ ಸಾರ್. ಇದನ್ನ ನೋಡಿ ಒಪ್ಕೊಂಡ್ರೆ ಮುಂದಿನದು ಹಾರುತ್ತೆ. ಅದನ್ನೂ ಇದೇ ಕ್ಯಾಮೆರಾ ನೋಡೋದು."

"ಎರಡ್ನೇ ಮೆಷಿನ್ ಕಳ್ಕೋತೀವಿ. ಗೊತ್ತಲ್ಲ?"

ಗೊತ್ತು. ಬೆಳಗ್ಗಿನಿಂದ ಅದೊಂದೇ ಗೊತ್ತಿರುವುದು. ಓವನ್‌ಗೆ ಹಾಕುವ ಮೊದಲು ನನ್ನ ಸಹಿ ಬೇಕು. ನಾಳೆ ಹತ್ತಕ್ಕೆ.

ಕಾಲು ಮತ್ತೆ ಕುಣಿಯುತ್ತಿದೆ. ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಒಂದು ಮನಸ್ಸು. ಅಮ್ಮ ಆಗಿದ್ದರೆ ಏನು ಮಾಡುತ್ತಿದ್ದಳು ಅಂತ ಯೋಚಿಸಿದೆ. ಒತ್ತಿ ಸರಿಮಾಡಿ ಸುಮ್ಮನಾಗುತ್ತಿದ್ದಳು. ಇದನ್ನು ಒತ್ತಲು ಬರುವುದಿಲ್ಲವಲ್ಲ.

ಜುಲೈ 22, ಮಂಗಳವಾರ

ಸಹಿ ಹಾಕಲಿಲ್ಲ.

ಬೇಯಿಸುವ ಮೊದಲು ಒಂದು ಮೂಲೆಯ ಪದರ ಬಿಡಿಸಿ ನೋಡೋಣ ಅಂದೆ. ಅನಿಲ್‌ಕುಮಾರ್ ಗ್ಲೌಸು ಹಾಕಿಕೊಂಡರು. ಮೊದಲೆರಡು ಪದರ ಚೆನ್ನಾಗಿದ್ದವು. ಒಳಗೊಳಗೇ ಹಾರೈಸಿದೆ, ಏನೂ ಸಿಗದಿರಲಿ, ನನಗೇ ಹುಚ್ಚು ಹಿಡಿದಿರಲಿ. ಮೂರನೆಯದನ್ನು ಎತ್ತಿದಾಗ ಸಿಕ್ಕಿತು. ಅಂಗೈ ಉದ್ದ ತಿರುಚಿದ ಟೇಪು. ಅದರ ಕೆಳಗೆ ಇನ್ನೊಂದು. ಇಡೀ ಪ್ಯಾನೆಲ್‌ನಲ್ಲಿ ಎಷ್ಟಿವೆಯೋ.

ಅನಿಲ್‌ಕುಮಾರ್ ತಲೆಯ ಕ್ಯಾಪ್ ತೆಗೆದು ಮಡಚಿ ಜೇಬಿಗಿಟ್ಟರು. "ಕಸ್ಟಮರ್‌ಗೆ ನಾನೇ ಫೋನ್ ಮಾಡ್ತೀನಿ," ಅಂದು ಹೋದರು.

ಟಾಯ್ಲೆಟ್‌ನಲ್ಲಿ ಅತ್ತೆ. ಲೀಡೂ ಇಲ್ಲ ಮಣ್ಣೂ ಇಲ್ಲ. ಹೊಟ್ಟೆ ಉರಿಯಿತು, ಅದನ್ನು ಬರೆಯುವುದಕ್ಕೇನು ನಾಚಿಕೆ.

ಜುಲೈ 25, ಶುಕ್ರವಾರ. ಬಸ್ಸು

ಕಸ್ಟಮರ್ ಪೂರ್ತಿ ಇಲ್ಲ ಅನ್ನಲಿಲ್ಲ. ದೀಪಾವಳಿವರೆಗೆ ಟೈಮು. ಹೊಸದಾಗಿ ಪಾಠ ಹೇಳಬೇಕು, ಈ ಸಲ ನಿಜವಾದ ರೆಕಾರ್ಡ್ ಇಟ್ಟು. ಆಮೇಲೆ ಎರಡನೇ ಮೆಷಿನ್ನಿನ ಮಾತು.

ಇನ್ನೊಂದೂ ಆಯಿತು. ಬೋರ್ಡಿಗೆ ನೋಟಿಸು. ತಪ್ಪು ಕಂಡರೆ ಮೊದಲು ಟ್ಯಾಬ್‌ನಲ್ಲಿ ಹೊಡೆಯಬೇಕು, ಸರಿಮಾಡುವುದು ಆಮೇಲೆ. ಬರೆಯದೆ ಮುಟ್ಟಿದರೆ ಮೆಮೊ. ಮಮತಳಿಗೆ ಮೊದಲ ಮೆಮೊ ಬಂತು, ಹಿಂದಿನದಕ್ಕೆ. ನನ್ನ ರಿಪೋರ್ಟ್‌ನಲ್ಲಿ ನಾನು ಹೆಸರು ಬರೆದಿರಲಿಲ್ಲ. ಶಿಫ್ಟು ಬರೆದಿದ್ದೆ. ಶಿಫ್ಟು ನೋಡಿ ಹೆಸರು ಹುಡುಕುವುದಕ್ಕೆ ಎಷ್ಟು ಹೊತ್ತು.

ಕ್ಯಾಂಟೀನಿನಲ್ಲಿ ಅವಳ ಟೇಬಲ್ಲಿಗೆ ಹೋದೆ. ಡಬ್ಬಿ ಮುಚ್ಚಿ ಎದ್ದು ಹೋದಳು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ರಜೆ. ಅಮ್ಮ ತಾನೇ ನೇಯ್ದ ಸೀರೆ ಕೊಟ್ಟಳು, ನೇರಳೆಗೆ ಹಸಿರು ಅಂಚು. ಪ್ರತಿ ವರ್ಷ ಮಮತ ತವರಿಗೆ ಬಂದವಳು ಅರಿಶಿನ ಕುಂಕುಮಕ್ಕೆ ನಮ್ಮ ಮನೆಗೂ ಬರುತ್ತಿದ್ದಳು. ಈ ಸಲ ಅವಳ ಅಮ್ಮ ಒಬ್ಬರೇ ಬಂದರು. "ಅವ್ಳಿಗ್ಯಾಕೋ ತಲೆನೋವಂತೆ ಕಣಮ್ಮ," ಅಂದರು.

ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಗಂಟು ಎಲ್ಲಿವೆ ಅಂತ ಹುಡುಕಿದೆ. ಒಂದೂ ಸಿಗಲಿಲ್ಲ.

ಆಗಸ್ಟ್ 18, ಸೋಮವಾರ. ಕ್ಲೀನ್‌ರೂಮ್ ಹೊರಗಿನ ಬೆಂಚು

ಹೊಸ ಪ್ಯಾನೆಲ್ ಶುರು. ಹೆಂಗಸರು ನೋಡುತ್ತಾರೆ, ಬರೆಯುತ್ತಾರೆ. ಟ್ಯಾಬ್‌ನಲ್ಲಿ ತಪ್ಪುಗಳು ಸುರಿಯುತ್ತಿವೆ. ಇಷ್ಟು ದಿನ ಇಷ್ಟನ್ನೂ ಇವರು ಬೆರಳಲ್ಲೇ ನುಂಗಿಕೊಂಡಿದ್ದರು. ಮಮತ ಒಂದು ಕೈಯಲ್ಲಿ ಟ್ಯಾಬ್ ಹಿಡಿದು ಇನ್ನೊಂದನ್ನು ಬೆನ್ನ ಹಿಂದೆ ಇಟ್ಟುಕೊಂಡು ನಡೆಯುತ್ತಾಳೆ. ಆ ಕೈಯನ್ನು ನಂಬುವುದಿಲ್ಲ ಅಂತ ಕಾಣುತ್ತದೆ. ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಇಲ್ಲ.

ಇವತ್ತು ಬೆಳಗ್ಗೆ ನಾನೂ ಒಳಗೆ ಹೋದೆ. ಐದನೇ ಪದರ. ಮಮತ ಮುಂದೆ, ನಾನು ಹಿಂದೆ. ಅಚ್ಚಿನ ತಿರುವಿನ ಹತ್ತಿರ ಒಂದು ಅಂಚು ಎದ್ದಿತ್ತು. ಸಣ್ಣದು, ಉಗುರಷ್ಟು. ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬರೆಸಬೇಕು ಅಂದುಕೊಂಡೆ, ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಬ್ಬೆರಳು ಅದರ ಮೇಲಿತ್ತು. ಒತ್ತಿಯಾಗಿತ್ತು. ನೀಟಾಗಿ ಕೂತಿತ್ತು, ಎದ್ದದ್ದೇ ಸುಳ್ಳು ಅನ್ನುವ ಹಾಗೆ.

ತಲೆ ಎತ್ತಿದರೆ ಮಮತ ನೋಡುತ್ತಿದ್ದಾಳೆ. ಮಾಸ್ಕಿನ ಮೇಲೆ ಕಣ್ಣು ಮಾತ್ರ. ಟ್ಯಾಬನ್ನು ನನ್ನ ಮುಂದೆ ಹಿಡಿದಳು.

"ಬರಿ. ಯಾರ್ ಮುಟ್ಟಿದ್ದು ಅನ್ನೋ ಕಡೆ ಹೆಸ್ರೂ ಹಾಕು."

ಹಾಕಿದೆ. ಚೈತ್ರ ಅಂತ ಬರೆಯಲು ಎರಡು ಸಲ ಅಳಿಸಬೇಕಾಯಿತು.

ಈಗ ಈ ಬೆಂಚು. ಪಕ್ಕದಲ್ಲಿ ಅವಳು, ಕೇಳದೇ ಬಂದು ಕೂತಿದ್ದಾಳೆ. ಅದೇ ಹೆಬ್ಬೆರಳು ಉಜ್ಜಿಕೊಳ್ಳುತ್ತಾ. ನಾನೂ ಉಜ್ಜಿಕೊಳ್ಳುತ್ತಿದ್ದೇನೆ ಅಂತ ಈಗ ಗೊತ್ತಾಯಿತು. ಗಾಜಿನ ಆಚೆ ಅನಿಲ್‌ಕುಮಾರ್ ಕೈಮಾಡಿ ಕರೆಯುತ್ತಿದ್ದಾರೆ, ಕೈಯಲ್ಲೊಂದು ಬಿಳಿ ಹಾಳೆ. ನನ್ನ ಮೆಮೊನೇ ಇರಬೇಕು. ಮಮತ ಎದ್ದು ಕ್ಯಾಪ್ ಸರಿಮಾಡಿಕೊಂಡಳು. "ಮೊದಲ್ನೇ ಸಲ ಒಬ್ಳೇ ಹೋಗ್ಬೇಡ, ನಡಿ, ನಾನೂ ಬರ್ತೀನಿ," ಅಂತ ನನ್ನ ಪೆನ್ನು ಹಿಡಿದ ಕೈಯನ್ನೇ ಎಳೆಯುತ್ತಿದ್ದಾಳೆ.