ಗಾಳಿ ಬಂದಾಗ ಆ ಕಿಟಕಿ ತೆರೆಯಲೋ, ಮುಚ್ಚಲೋ?

ವಿಮಾ ದೂರುಗಳ ಮುಖ್ಯಾಧಿಕಾರಿಗಳೇ,

ಚಂಡಮಾರುತ ಬಂದಾಗ ಕಿಟಕಿ ತೆರೆಯಬೇಕೋ ಮುಚ್ಚಬೇಕೋ? ಮಾರ್ಚ್‌ನಲ್ಲಿ ಕೇಳಿದೆ, ಜೂನ್‌ನಲ್ಲಿ ಕೇಳಿದೆ. ತಮ್ಮ ಘನ ಕಚೇರಿಯಿಂದ ಬಂದದ್ದು ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು. ಈಗ ರೇಡಿಯೋ ಮತ್ತೊಂದು ಗಾಳಿಯ ಹೆಸರು ಹೇಳುತ್ತಿದೆ. ನನಗೆ ಭಯವಾಗಿದೆ, ಅದಕ್ಕೇ ಊರಿಗೆಲ್ಲ ಕೇಳಿಸುವಂತೆ ಕೇಳುತ್ತಿದ್ದೇನೆ.

ಲೆವುಕಾದಲ್ಲಿ ನನ್ನದೊಂದು ಹೊಲಿಗೆ ಅಂಗಡಿ, ಅದರ ಹಿಂದೆಯೇ ಮನೆ. ಕಳೆದ ಫೆಬ್ರವರಿಯ ಗಾಳಿಯಲ್ಲಿ ನನ್ನ ಮಾವ ಸೆಮಿಸಿ ಹಾಸಿಗೆಯಿಂದಲೇ ಕೂಗಿದರು: “ಮೆರೆಯಾನಿ, ಗಾಳಿ ಬಡಿಯೋ ಕಡೆ ಮುಚ್ಚು, ಆಚೆ ಕಡೆ ಕಿಟಕಿ ತೆಗಿ! ಒಳಗೆ ನುಗ್ಗಿದ ಗಾಳಿಗೆ ದಾರಿ ಬಿಡ್ದಿದ್ರೆ ಸೂರನ್ನೇ ಹೊತ್ಕೊಂಡು ಹೋಗುತ್ತೆ.” ಈ ದ್ವೀಪದ ಅಜ್ಜಂದಿರೆಲ್ಲ ಹೇಳಿದ್ದು ಇದನ್ನೇ. ತೆಗೆದೆ. ಸೂರು ಉಳಿಯಿತು. ಆದರೆ ಗಾಳಿ ಒಂದು ಗಳಿಗೆ ತೆಪ್ಪಗಾಗಿ, ಮತ್ತೆ ಎದುರು ದಿಕ್ಕಿನಿಂದ ಬಂತು. ನಾನು ಮಾವನ ಕೈ ಹಿಡಿದು ಕೂತಿದ್ದೆ. ತೆರೆದ ಕಿಟಕಿ ಮುಚ್ಚುವ ನೆನಪೇ ಆಗಲಿಲ್ಲ. ಮೂರು ಯಂತ್ರಗಳು, ಶಾಲೆಗಳಿಗೆಂದು ಹೊಲಿದಿಟ್ಟ ಸಮವಸ್ತ್ರಗಳು, ಎಲ್ಲ ಮಳೆಗೆ ಹಾಳಾದವು.

ನನ್ನ ಬಳಿ ‘ಸರ್ವ ಅಪಾಯ’ ವಿಮೆಯಿತ್ತಲ್ಲ! ಕಂಪನಿಯ ಸಮೀಕ್ಷಕರು ಬಂದು ಕಿಟಕಿ ಮುಟ್ಟಿ ನೋಡಿದರು.

“ಒಡೆದಿಲ್ವಲ್ಲ ಅಕ್ಕ?”

“ಇಲ್ಲ, ನಾನೇ ತೆಗೆದೆ.”

“ಹಾಗಾದ್ರೆ ಪರಿಹಾರ ಬರಲ್ಲ. ಗಾಳಿನೇ ಒಡೆದು ಮಾಡಿದ ಕಂಡಿಯಿಂದ ನೀರು ಬಂದಿರ್ಬೇಕು.”

“ಪಕ್ಕದ ಮನೆ ಟೊಮಾಸಿಗೆ?”

“ಅವ್ರ ಸೂರೇ ಹಾರಿದೆಯಲ್ಲ, ಬರುತ್ತೆ.”

ಮಾವ ಒಳಗಿಂದ ಅಂದರು: “ಮುಂದಿನ ಸಲ ಗಾಳಿಗೆ ಕೈಮುಗಿದು ಹೇಳ್ತೀನಿ, ಸೂರು ತಗೊಂಡು ಹೋಗಪ್ಪ ಅಂತ.”

ಈಗ ಅರ್ಥವಾಗಿದೆ. ‘ಸರ್ವ’ ಎಂದರೆ ಹದಿಮೂರನೆಯ ಪುಟದಲ್ಲಿ ಹೊರಗಿಟ್ಟ ಅಪಾಯಗಳನ್ನು ಬಿಟ್ಟು ಉಳಿದದ್ದೆಲ್ಲ. ಮೊದಲು ಓದಬೇಕಾದದ್ದು ಆ ಪುಟ. ನಾನು ಮುಖಪುಟ ಓದಿ ಸಹಿ ಹಾಕಿದೆ. ತಪ್ಪು ನನ್ನದೇ, ಒಪ್ಪಿದೆ. ಆದರೆ ಹಾನಿ ತಡೆಯಲು ‘ಸೂಕ್ತ ಎಚ್ಚರ ವಹಿಸತಕ್ಕದ್ದು’ ಎಂದು ಅಪ್ಪಣೆ ಕೊಡಿಸಿರುವುದೂ ಅದೇ ಕಾಗದವಲ್ಲವೇ? ಸೂರು ಉಳಿಸಿದ್ದು ಎಚ್ಚರವಲ್ಲದೆ ಇನ್ನೇನು? ಅತ್ತ ದರಿ, ಇತ್ತ ಪುಲಿ.

ಮಾವನಿಗೆ ಎದ್ದು ನಡೆಯಲಾಗದು. ಮುಚ್ಚಿದರೆ ಸೂರು ಅವರ ಮೇಲೆ ಬೀಳಬಹುದು, ತೆರೆದರೆ ಸಾಲ ಮಾಡಿ ಸರಿಪಡಿಸಿದ ಯಂತ್ರಗಳ ಜೊತೆ ನಮ್ಮ ಅನ್ನವೂ ನೀರುಪಾಲು. ಚಿಲಕದವರೆಗೆ ಹೋಗುತ್ತೇನೆ, ವಾಪಸ್ ಬರುತ್ತೇನೆ.

ಗಾಳಿ ಶುಕ್ರವಾರ ದಡ ಮುಟ್ಟುತ್ತದಂತೆ. ಗುರುವಾರದೊಳಗೆ ಒಂದೇ ಒಂದು ಪದ ಬರೆದು, ಸಹಿ ಹಾಕಿ ಕಳಿಸಿ: ತೆರೆ, ಅಥವಾ ಮುಚ್ಚು. ಬರದಿದ್ದರೆ ತೆರೆಯುತ್ತೇನೆ. ಯಂತ್ರಗಳು ನೆನೆಯಲಿ, ಮಾವ ಉಳಿಯಲಿ.

ಇಂತಿ,
ಮುಖಪುಟವನ್ನಷ್ಟೇ ಓದಿದ,
ಮೆರೆಯಾನಿ ವಾಕಾತಾ
ಲೆವುಕಾ, ಫಿಜಿ