ಜಾಗಟೆಗೆ ಮುಂಚಿನ ಕೆಮ್ಮು

ಪ್ರಸೊಜೊ,

ಇಂದು ಗುರುವಾರ. ನಿಮ್ಮಮ್ಮ ಎಂದಿನಂತೆ ಗಮೆಲಾನ್ ವಾದ್ಯಮೇಳದ ದೊಡ್ಡ ಜಾಗಟೆಗೆ ಹೂವಿಟ್ಟು, ಉಳಿದ ಹೂವನ್ನು ಎಲೆಯಲ್ಲಿ ಕಟ್ಟಿಕೊಂಡು ಸ್ಟುಡಿಯೋಗೆ ಬಂದಿದ್ದರು. ಅದೇ ಮೇಳದ ನಮ್ಮ ಹಳೆಯ ರೆಕಾರ್ಡನ್ನು ನೀನು ಜಕಾರ್ತಾದಲ್ಲಿ ಹೊಸದಾಗಿ ಹೊರತಂದಿದ್ದೀಯಲ್ಲ, ಅದು ಅವರ ಚೀಲದಲ್ಲಿತ್ತು.

"ಇದ್ರಲ್ಲಿ ಏನೋ ಇಲ್ಲ ಕಣಪ್ಪ ಗಿಯಂತೊ," ಎಂದರು.

ಎರಡೇ ಮೈಕು, ಒಂದೇ ಸಲ ನುಡಿಸುವುದು, ಟೇಪಿಗೆ ಬಿದ್ದ ಸದ್ದಿಗೆ ಕತ್ತರಿ ಹಾಕಕೂಡದು. ನಾವಿಬ್ಬರೂ ರೆಕಾರ್ಡಿಂಗ್ ಕಂಪನಿ ಶುರುಮಾಡಿದ ದಿನ ಈ ನಿಯಮ ಮಾಡಿದವನು ನೀನೇ. ಕತ್ತರಿ ಹಾಕಿದವನೂ ನೀನೇ. ಸಾಲದ್ದಕ್ಕೆ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದೀಯ: 'ರೆಕಾರ್ಡ್ ಮಾಡಿದವರ ಅಜಾಗರೂಕತೆಯಿಂದ ಸೇರಿದ್ದ ಕೆಮ್ಮನ್ನು ತೆಗೆದಿದ್ದೇವೆ.' ರೆಕಾರ್ಡ್ ಮಾಡಿದವನು ನಾನು. ಊರೆಲ್ಲ ನನ್ನನ್ನು ನೋಡಿ ಕೆಮ್ಮುತ್ತಿದೆ.

ನಾನು ಮೂಲ ಟೇಪು ಹಾಕಿದೆ. ಕೊನೆಯ ಜಾಗಟೆಗೆ ಮುಂಚೆ ಆ ಕೆಮ್ಮು ಬಂತು. ನಿಮ್ಮಮ್ಮ ಚಹಾ ಲೋಟ ಕೆಳಗಿಟ್ಟರು.

"ನಮ್ಮೋರು! ಗಂಟಲು ಸರಿಮಾಡ್ಕೊಂಡ್ರು ನೋಡು, ಈಗ ಹೊಡೀತಾರೆ."

ಹೊಡೆದರು. ಆರು ವರ್ಷದ ಹಿಂದೆ ತೀರಿಕೊಂಡ ನಿನ್ನಪ್ಪ ಹೊಡೆದರು. ಹೆತ್ತ ಅಪ್ಪನ ಗಂಟಲಿನ ಗುರುತು ಹಿಡಿಯದ ನಿನ್ನ ಕಿವಿಯನ್ನು ಪತ್ರಿಕೆಯವರು ಚಿನ್ನದ ಕಿವಿ ಎನ್ನುತ್ತಾರೆ.

"ಅವನಿಗೂ ತಿಳಿಸಪ್ಪ. ಪಾಪ, ಗೊತ್ತಾಗಿರಲ್ಲ."

"ಆಗ್ಲಮ್ಮ," ಎಂದೆ. ತಿಳಿಸುವುದಿಲ್ಲ. ಈ ಕಾಗದವೂ ಅಂಚೆಗೆ ಹೋಗುವುದಿಲ್ಲ.

ಅವರು ಹೂವನ್ನು ಟೇಪಿನ ಡಬ್ಬಿಯ ಮೇಲಿಟ್ಟು ಹೋದರು. ನೀನು ಬಿಟ್ಟುಹೋದ ಕುರ್ಚಿಯನ್ನು ನಾನಿನ್ನೂ ತೆಗೆದಿಲ್ಲ. ಇವತ್ತು ಅವರು ಕೂತದ್ದು ಅದರಲ್ಲೇ. ಮುಂದಿನ ಗುರುವಾರವೂ ಬರುತ್ತಾರಂತೆ, ಗಂಡನ ಕೆಮ್ಮು ಕೇಳಲು. ನೀನು ಮಾತ್ರ ಅಪ್ಪನಿದ್ದ ಜಾಗದಲ್ಲಿ ನೀನೇ ಮಾಡಿಟ್ಟ ಮೌನವನ್ನು ಕೇಳಿಕೊಂಡಿರು.